ಮುಟ್ಟದ ಸುದ್ದಿ

೧೮ ಮಾರ್ಚ್ ೧೯೫೭, ಸೋಮವಾರ. ಚಾಮರಾಜನಗರ

ಚುನಾವಣೆ ಮುಗಿದ ಮೇಲೆ ಬರೆಯಲು ಏನೂ ಇಲ್ಲವೆಂದು ಹೋದ ವಾರವೆಲ್ಲ ಗೊಣಗುತ್ತಿದ್ದೆ. ಗೊಣಗಿದ್ದು ಯಾರಿಗೋ ಕೇಳಿಸಿತೆಂದು ಕಾಣುತ್ತದೆ.

ನೆನ್ನೆ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಮಾವನ ಮನೆಯಲ್ಲಿದ್ದೆ. ಚಂದ್ರಮತಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಬಿಟ್ಟುಬರಲು ಹೋದವನು. ಕಾಫಿ ಇನ್ನೂ ಕೈಯಲ್ಲಿತ್ತು, ಬಂಡೀಪುರದ ರಸ್ತೆಯಲ್ಲಿ ಮದುವೆ ದಿಬ್ಬಣದ ಲಾರಿ ಮೋರಿಯಿಂದ ಕೆಳಕ್ಕೆ ಉರುಳಿದೆ ಎಂದು ಬೀದಿಯಲ್ಲಿ ಕೂಗಿಕೊಂಡು ಹೋದರು. ಮೈಸೂರಿನ ಪತ್ರಿಕೆಗೆ ಬಾತ್ಮೀದಾರನಾಗಿ ಐದು ವರ್ಷವಾಯಿತು. ಇಷ್ಟು ದೊಡ್ಡ ಸುದ್ದಿ ಕಾಲಬುಡಕ್ಕೆ ಬಂದದ್ದು ಇದೇ ಮೊದಲು. ಕೊಡೆ ಎತ್ತಿಕೊಂಡು ಓಡಿದೆ. ಓಡುವಾಗ ಸಂತೋಷವೇ ಆಗುತ್ತಿತ್ತು. ನನಗೆ ನಾನೇ ಬರೆದುಕೊಳ್ಳುವಾಗ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು?

ಏಳು ಜನ ಹೋಗಿದ್ದರು. ಹುಣಸೆಮರದ ಕೆಳಗೆ ಸಾಲಾಗಿ ಮಲಗಿಸಿದ್ದರು. ಒಬ್ಬೊಬ್ಬರ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡೆ. ಮದುಮಗಳ ಮಡಿಲಕ್ಕಿ ರಸ್ತೆಯ ಉದ್ದಕ್ಕೂ ಚೆಲ್ಲಿತ್ತು, ಅರಿಸಿನ ಹಚ್ಚಿದ ಅಕ್ಕಿ. ಅದಕ್ಕೆ ಗುಬ್ಬಿಗಳು ಬಂದವು. ಹೆಣಗಳ ಮೈಮೇಲೆ ಬಿದ್ದ ಕಾಳನ್ನೂ ಆರಿಸಿ ತಿನ್ನುತ್ತಿದ್ದವು. ಕೊಡೆ ಬೀಸಿ ಓಡಿಸಿದೆ. ಮತ್ತೆ ಬಂದವು. ವರದಿಯಲ್ಲಿ ಇದನ್ನು ಬರೆಯಲಿಲ್ಲ.

ಏಳರಲ್ಲಿ ಒಬ್ಬ ಹರದನಹಳ್ಳಿಯವನು, ಲಿಂಗಯ್ಯ, ಇಪ್ಪತ್ತನಾಲ್ಕು ವರ್ಷ. "ನಿಮ್ಮೂರಿನ ಪಕ್ಕದ ಹಳ್ಳಿ ಅಲ್ಲವೇ, ತಾಯಿಗೆ ನೀವೇ ತಿಳಿಸಿಬಿಡಿ" ಎಂದರು ಪೊಲೀಸರು. ಒಪ್ಪಿಕೊಂಡೆ. ತಂತಿಯಲ್ಲಿ ವರದಿ ಕಳಿಸಿ, ಬಸ್ಸು ಹಿಡಿದು ಊರಿಗೆ ಬಂದು, ಸೈಕಲ್ಲಿನಲ್ಲಿ ಹೊರಟೆ. ಸತ್ತವರ ಭಾವಚಿತ್ರ ಸಿಕ್ಕರೆ ಬಿಡಬೇಡಿ ಎಂಬುದು ಕಚೇರಿಯ ಕಾಯಂ ಅಪ್ಪಣೆ, ಅದೂ ತಲೆಯಲ್ಲಿತ್ತು.

ಸೋಮಮ್ಮ ಎಂಬ ಆ ತಾಯಿ ಜಗುಲಿಯ ಮೇಲೆ ಹುರುಳಿ ಆರಿಸುತ್ತಿದ್ದಳು. ಗಂಡನಿಲ್ಲದವಳು.

"ಯಾರ್ ಸ್ವಾಮಿ? ಬಿಸ್ಲಲ್ಲಿ ಯಾಕ್ ನಿಂತ್ಕಂಡ್ರಿ, ಒಳಕ್ ಬನ್ನಿ."

ಹೋದೆ. ಕೂತೆ. ಪೇಪರಿನವನು ಎಂದೆ. ಮಜ್ಜಿಗೆ ತಂದುಕೊಟ್ಟಳು. ಹೇಳಬೇಕಾದ ಮಾತು ಗಂಟಲಲ್ಲಿತ್ತು, ಬಾಯಿಗೆ ಬಂದದ್ದು ಬೇರೆ. "ನಿಮ್ಮ ಮಗ ಲಿಂಗಯ್ಯನ ಫೋಟೋ ಇದೆಯೇನಮ್ಮ?"

"ಪೇಪರ್ನಲ್ಲಿ ಆಕ್ತೀರಾ? ಅವ್ನು ಮದ್ವೆಗೆ ಓಗವ್ನೆ, ಸಂಜೆಗೆ ಬತ್ತನೆ. ಕೇಳುದ್ರೆ ಕುಣಿದಾಡ್ಬುಡ್ತನೆ." ಗೋಡೆಯಿಂದ ಫೋಟೋ ಇಳಿಸಿ, ಸೆರಗಿನಲ್ಲಿ ಒರಸಿ, ಎರಡೂ ಕೈಯಲ್ಲಿ ಕೊಟ್ಟಳು.

ಮಜ್ಜಿಗೆಯನ್ನು ತಳದವರೆಗೆ ಕುಡಿದೆ. "ಬರ್ತೀನಮ್ಮ" ಎಂದು ಎದ್ದುಬಂದೆ.

ಹೇಳಲಿಲ್ಲ. ಹೇಳುವುದು ಪೊಲೀಸರ ಕೆಲಸ, ನನ್ನದು ಬರೆಯುವುದು. ಹೇಗೂ ಸಂಜೆಯೊಳಗೆ ಯಾರಾದರೂ ಹೇಳಿರುತ್ತಾರೆ. ಅರ್ಧ ದಾರಿಯಲ್ಲಿ ಕೊಡೆ ಅಲ್ಲೇ ಮರೆತದ್ದು ನೆನಪಾಯಿತು. ವಾಪಸ್ ಹೋಗಲಿಲ್ಲ.

೨೦ ಮಾರ್ಚ್

ಪತ್ರಿಕೆ ಬಂತು. ಮೊದಲ ಪುಟ. ನಾನು ಬರೆಯದ 'ಹೃದಯವಿದ್ರಾವಕ' ಎಂಬ ಮಾತನ್ನು ಕಚೇರಿಯವರು ತಲೆಯ ಮೇಲೆ ಕೂರಿಸಿದ್ದಾರೆ. ಹೃದಯ ಅವರದು ಮೈಸೂರಿನಲ್ಲಿ ಮೇಜಿನ ಮೇಲಿತ್ತು, ವಿದ್ರಾವಣಕ್ಕೆ ಹೋದವನು ನಾನು. ಲಿಂಗಯ್ಯನ ಭಾವಚಿತ್ರ ಚೆನ್ನಾಗಿ ಮೂಡಿದೆ. ನಗುತ್ತಿದ್ದಾನೆ.

ಮನೆಯಲ್ಲಿ ನನಗೆ ಅಡುಗೆ ಮಾಡಿ ಹಾಕುವವಳು ವಿಧವೆ ಸೋದರತ್ತೆ ಚಿಕ್ಕಮಲ್ಲಮ್ಮ. ಫೋಟೋ ದಕ್ಕಿಸಿಕೊಂಡ ಜಾಣತನವನ್ನು ಅವಳಿಗೆ ಹೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿದಳು.

"ಸಾವಿನ ಸುದ್ದಿ ಒತ್ತೋನು ಒಸ್ಲು ದಾಟ್ಬಾರ್ದು. ನೀರ್ ಮುಟ್ಬಾರ್ದು. ಬರ್ತೀನಿ ಅನ್ಬಾರ್ದು. ಮೂರೂ ಮಾಡ್ಬುಟ್ಟು ಬಂದಿದ್ದೀಯಲ್ಲಪ್ಪ. ಅದ್ರ ಮೇಲೆ ಸುದ್ದಿನೂ ಕೊಟ್ನಿಲ್ಲ."

"ನಾವು ಶಿವಭಕ್ತರು, ನಮಗೆಲ್ಲಿಯ ಸೂತಕ ಅತ್ತೆ?"

"ಸೂತಕ ಇಲ್ಲ ಕಣಪ್ಪ. ಮರ್ಯಾದೆ ಅದೆ."

ಹಳೆಯ ಕಾಲದವಳು. ಅವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

೨ ಏಪ್ರಿಲ್

ನೆನ್ನೆಯಿಂದ ಹೊಸ ಪೈಸೆ. ಕಾಸು ಎಣಿಸಲು ಹೋಗಿ ಅಂಗಡಿ ಬೀದಿಯಲ್ಲಿ ಎಲ್ಲರೂ ತಲೆಕೆಡಿಸಿಕೊಂಡಿದ್ದಾರೆ. ವೀಳ್ಯದೆಲೆಯ ಮುದುಕಿಯೊಬ್ಬಳು ಹೊಸ ನಾಣ್ಯವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, "ಇದು ಸರ್ಕಾರದ್ದಾ, ಆಟದ್ದಾ?" ಎಂದಳು. ಒಳ್ಳೆಯ ವರದಿಯಾಯಿತು. ಸಂಜೆಯ ರೈಲುಗಾಡಿಯ ಗಾರ್ಡಿನ ಕೈಯಲ್ಲಿ ಮೈಸೂರಿಗೆ ಕಳಿಸಿದೆ.

ಸೆಕೆ ವಿಪರೀತ. ಜಗುಲಿಯ ಮೇಲೇ ಮಲಗುತ್ತಿದ್ದೇನೆ, ಊಟವೂ ಅಲ್ಲೇ. ಅನ್ನ ಬೇಡ, ಮುದ್ದೆ ಸಾಕೆಂದೆ. ರಾಗಿ ತಂಪು. "ಹಬ್ಬದ ದಿನ್ವೂ ಅನ್ನ ಮುಟ್ನಿಲ್ಲ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಇನ್ನೊಂದು ದೂರು, ನಾನು ಹೊರಗೆ ಹೊರಡುವಾಗ ಬರ್ತೀನಿ ಎನ್ನುವುದಿಲ್ಲವಂತೆ. ಹೋದವನು ಬರುವುದು ಗೊತ್ತೇ ಇದೆ, ಅದನ್ನು ಹೇಳಬೇಕೇ?

೯ ಏಪ್ರಿಲ್

ಎದುರು ಮನೆಯ ಪುಟ್ಟಬಸಪ್ಪ ಹಳ್ಳಿಗಳಿಂದ ಕಾಳು ಕೊಂಡು ಮಾರುವವನು, ನನ್ನ ಜೊತೆ ಓದಿದವನು. ಬೆಳಿಗ್ಗೆ ಬಂದು ಜಗುಲಿಯ ತುದಿಯಲ್ಲಿ ಕೂತ.

"ನೆನ್ನೆ ಅರದನಳ್ಳಿಲಿ ಏನ್ಲಾ ಕೆಲಸ ನಿಂಗೆ?"

ನೆನ್ನೆ ನಾನು ಸ್ಟೇಷನ್ನಿಗೆ ಹೋಗಿ ವರದಿ ಕೊಟ್ಟುಬಂದೆ ಎಂದೆ.

"ಸಂಜೆ ಒತ್ನಲ್ಲಿ ಕಣ್ಲಾ. ಆ ಮುದುಕಮ್ಮನ ಮನೆ ಮುಂದೆ ನಿಂತಿದ್ದೆ. ಕರುದ್ರೆ ತಿರುಗ್ನಿಲ್ಲ. ಕೊಡೆ ಊರ್ಕಂಡು ನಿಂತಿದ್ದೆ."

ಇಲ್ಲಿ ಸಿಕ್ಕಿಬಿದ್ದ. ನನ್ನ ಕೊಡೆ ಮೂರು ವಾರದಿಂದ ಸೋಮಮ್ಮನ ಮನೆಯೊಳಗಿದೆ, ಹಾಗಿರುವಾಗ ಕೊಡೆ ಹಿಡಿದವನು ನಾನು ಹೇಗಾದೇನು? ಯಾರೋ ನನ್ನ ಅಳತೆಯವನು ಇರಬೇಕು ಎಂದೆ. ಪುಟ್ಟಬಸಪ್ಪ ನಗಲಿಲ್ಲ. ನನ್ನ ಚಪ್ಪಲಿಗೆ ಮೆತ್ತಿದ್ದ ಧೂಳನ್ನೇ ನೋಡಿಕೊಂಡು ಎದ್ದುಹೋದ. ಅವನಿಗೆ ಕಣ್ಣು ಮಂಜಾಗುತ್ತಿದೆ, ಕನ್ನಡಕ ಹಾಕಿಸಿಕೊಳ್ಳಲಿ.

೧೩ ಏಪ್ರಿಲ್

ಇಂದು ನಡೆದದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಹೊಸ ಶಾಲೆಯ ಕಟ್ಟಡದ ಬಗ್ಗೆ ಕೇಳಲು ಮೇಷ್ಟರು ಕರಿಬಸವಯ್ಯನವರ ಮನೆಗೆ ಹೋಗಿದ್ದೆ. ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಹೊರಗೆ ನಿಂತು ಕಾದೆ. ಕೂಗಲಿಲ್ಲ, ಒಳಗೂ ಹೋಗಲಿಲ್ಲ. ಊಟದ ಹೊತ್ತಿನಲ್ಲಿ ನುಗ್ಗುವುದು ಯಾವ ಸಭ್ಯತೆ? ಅವರ ಹೆಂಡತಿ ಯಶೋದಮ್ಮ ಎಂಜಲು ನೀರು ಚೆಲ್ಲಲು ಹೊರಗೆ ಬಂದರು. ಜಗುಲಿಯ ಕೆಳಗೆ ಸುಮ್ಮನೆ ನಿಂತಿದ್ದ ನನ್ನನ್ನು ನೋಡಿದರು. ಕೈಯಲ್ಲಿದ್ದ ಪಾತ್ರೆ ಬಿತ್ತು.

"ನಮ್ಮ ಅಣ್ಣನಾ? ನಂಜನಗೂಡಿಂದ ಸುದ್ದಿ ಬಂತಾ?" ಎಂದು ಅಲ್ಲೇ ಕುಸಿದು ಎದೆ ಬಡಿದುಕೊಳ್ಳತೊಡಗಿದರು.

ಏನೂ ಇಲ್ಲ ತಾಯಿ, ಶಾಲೆಯ ವಿಷಯ ಎಂದು ಹೇಳಬೇಕಿತ್ತು. ಎರಡು ಮಾತು. ನನ್ನ ಬಾಯಿ ತೆರೆಯಲಿಲ್ಲ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ನಾನು ಅವರ ಕಾಲ ಹತ್ತಿರ ಚೆಲ್ಲಿದ್ದ ಅನ್ನದ ಅಗುಳನ್ನು ನೋಡುತ್ತಿದ್ದೆ. ಎರಡು ಗುಬ್ಬಿ ಬಂದವು. ನಾನು ಹೊರಟುಬಂದೆ.

ಸಂಜೆ ಮೇಷ್ಟರು ಬಂದು ಬೀದಿಯಲ್ಲಿ ನಿಂತು ಬೈದರು. ಅಣ್ಣ ಗುಂಡುಕಲ್ಲಿನ ಹಾಗಿದ್ದಾನಂತೆ. ಒಳ್ಳೆಯದಾಯಿತು ಎಂದೆ.

೧೯ ಏಪ್ರಿಲ್

ಬೀದಿಯಲ್ಲಿ ನಾನು ಬಂದರೆ ಹೆಂಗಸರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಬಿಸಿಲು ಹಾಗಿದೆ.

೨೬ ಏಪ್ರಿಲ್

ಮೊನ್ನೆ ಗುಂಡ್ಲುಪೇಟೆಯಿಂದ ತಂತಿ ಬಂತು. ಸಹಿ ಹಾಕಿ ತೆಗೆದುಕೊಂಡೆ. ಒಡೆಯಲಿಲ್ಲ. ತಂತಿ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ. ಜಗುಲಿಯ ಗೂಡಿನಲ್ಲಿ ಇಟ್ಟು, ಅದರ ಮೇಲೆ ಕಲ್ಲೊಂದನ್ನು ಹೇರಿ, ಎದುರಿಗೆ ಕೂತೆ. ಒಡೆಯುವ ತನಕ ಚಂದ್ರಮತಿ ಇದ್ದಾಳೆ. ಒಡೆದರೆ ಏನೋ. ಹೀಗೆಯೇ ಎರಡು ದಿನ ಅವಳನ್ನು ಉಳಿಸಿಕೊಂಡೆ.

ಇಂದು ನಾನು ಸ್ನಾನಕ್ಕೆ ಹೋದಾಗ ಅತ್ತೆ ಅದನ್ನು ಪುಟ್ಟಬಸಪ್ಪನ ಕೈಯಲ್ಲಿ ಓದಿಸಿದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದಿತ್ತಂತೆ. ಅತ್ತೆ ಬೆಲ್ಲ ತಂದು ಬಾಯಿಗೆ ಹಾಕಿದಳು. ಹಾಕುವಾಗ ಅಳುತ್ತಿದ್ದಳು. "ಎಂಥ ಸುದ್ದಿಗೆ ಎಂಥ ಕಲ್ಲು ಏರಿದ್ಯಲ್ಲೋ ಮಗ."

ನನಗೂ ಸಂತೋಷವಾಗಿದೆ. ಆಗಿರಬೇಕು.

೩ ಮೇ

ಮೈಸೂರಿನಿಂದ ಕಾರ್ಡು. ಏಪ್ರಿಲ್ ಎರಡನೇ ವಾರದಿಂದ ನನ್ನಿಂದ ಒಂದು ವರದಿಯೂ ಬಂದಿಲ್ಲವಂತೆ. ಎಂಥ ಮಾತು. ಸಂಜೆಯಾದರೆ ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋಗುವವನು ನಾನು. ಗಾರ್ಡನ್ನು ಕೇಳಿದೆ. "ತಿಂಗಳಾಯ್ತಲ್ಲ ಸ್ವಾಮಿ ನಿಮ್ಮನ್ನ ನೋಡಿ" ಎಂದ. ಇವನೂ ಸೇರಿಕೊಂಡಿದ್ದಾನೆ.

ಕಾರ್ಡಿನ ಜೊತೆಯಲ್ಲೇ ಲಿಂಗಯ್ಯನ ಫೋಟೋವನ್ನೂ ವಾಪಸ್ ಕಳಿಸಿದ್ದಾರೆ. ತಂತಿ ಇಟ್ಟಿದ್ದ ಗೂಡಿನಲ್ಲೇ ಇಟ್ಟೆ.

೧೦ ಮೇ

ಗುಬ್ಬಿಗಳು.

೧೫ ಮೇ, ಬುಧವಾರ. ಗುಂಡ್ಲುಪೇಟೆ, ಬಸ್ ನಿಲ್ಲುವ ಜಾಗ

ನಾಡಿದ್ದು ಶುಕ್ರವಾರ ಕೂಸನ್ನು ತೊಟ್ಟಿಲಿಗೆ ಹಾಕುವುದು, ತಂದೆಯಾದವರು ಬರದಿದ್ದರೆ ಜನ ಏನೆಂದಾರು ಎಂದು ಮಾವ ಮೂರನೆಯ ಸಲ ಬರೆದಿದ್ದರು. ಫೋಟೋವನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಯಾಕೆ ಹಾಕಿಕೊಂಡೆನೋ.

ನಡೆದದ್ದನ್ನು ಸರಿಯಾಗಿ ಬರೆಯುತ್ತೇನೆ, ವರದಿಯ ಹಾಗೆ.

ಮಾವ ಮರಿಮಲ್ಲಪ್ಪನವರು ಈರುಳ್ಳಿ ಮಂಡಿಯಿಂದ ಆಗ ತಾನೇ ಬಂದು ಜಗುಲಿಯ ಮೇಲೆ ಕೂತಿದ್ದರು. "ಬನ್ನಿ ಅಳಿಯಂದ್ರೆ, ಅಂತೂ ದಾರಿ ಗೊತ್ತಾಯ್ತು" ಎಂದು ನಕ್ಕರು. ನಾನು ಜಗುಲಿಯ ಕೆಳಗೆ ನಿಂತೆ. ಅವರು ಇನ್ನೊಮ್ಮೆ ಬನ್ನಿ ಎಂದರು. ಆಮೇಲೆ ನಗು ನಿಂತಿತು. ಕಾಲಿಗೆ ನೀರು ತಂದ ಅತ್ತೆ ಶಾಂತಮಲ್ಲಮ್ಮನವರು ನನ್ನ ಮುಖ ನೋಡಿ ಚೊಂಬನ್ನು ಅಲ್ಲೇ ಕೆಳಗಿಟ್ಟರು.

"ಯಾಕ್ ನಿಂತ್ಬುಟ್ರಿ ಸ್ವಾಮಿ? ನಿಮ್ಮ ಸೋದರತ್ತೆ ಚೆನ್ನಾಗವ್ರಾ?" ಎಂದರು ಮಾವ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೂ ನನ್ನ ಬಾಯಲ್ಲಿ ಏನಿದೆಯೆಂದು ತಿಳಿಯದು. ಹೊಸಿಲು ಇಷ್ಟು ಹತ್ತಿರ ಇತ್ತು. ಅದರ ಆಚೆ ಕೂಸು ಅಳುವುದು ಕೇಳಿಸಿತು. ಒಳಗೆ ಹೋಗಬೇಕೆಂದು ನನಗೆ ತುಂಬ ಆಸೆಯಾಯಿತು. ಹೋದರೆ ನನ್ನ ಹಿಂದೆಯೇ ಆ ಸುದ್ದಿಯೂ ಒಳಗೆ ಬರುತ್ತದೆ.

ಚಂದ್ರಮತಿ ಹೊಸಿಲಿಗೆ ಬಂದಳು. ಬಾಣಂತಿ, ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬಿಳಿಚಿಕೊಂಡಿದ್ದಳು. ಕೂಸು ತೋಳಿನಲ್ಲಿತ್ತು.

"ಯಾರೋದ್ರು? ಏಳ್ಬುಡಿ."

ಬಾಯಿ ತೆರೆಯಿತು. "ಚಾಮರಾಜನಗರದ ನೀಲಕಂಠಸ್ವಾಮಿ. ವಯಸ್ಸು ಮೂವತ್ತೊಂದು. ಮೃತರು ಪತ್ನಿ ಹಾಗೂ ಒಂದು ಹೆಣ್ಣು ಮಗುವನ್ನು ಅಗಲಿದ್ದಾರೆ."

ಅದು ನನ್ನದೇ ಹೆಸರೆಂದು ನನಗೆ ತಿಳಿದದ್ದು ಹೇಳಿದ ಮೇಲೆ. ಅತ್ತೆ ಅಳುವುದನ್ನೂ ಮರೆತರು. ಚಂದ್ರಮತಿ ಅಳಲಿಲ್ಲ. ನನ್ನ ಕೈ ನೋಡುತ್ತಿದ್ದಳು.

"ಆ ಕೊಡೆ ಅರದನಳ್ಳಿಲಿ ಮರ್ತೆ ಅಂತ ಬರ್ದಿದ್ರಲ್ಲ. ಯಾವಾಗ್ ತಂದ್ರಿ?"

ನೋಡಿಕೊಂಡೆ. ಮದುವೆಯಲ್ಲಿ ಮಾವ ಕೊಟ್ಟಿದ್ದ ಕೊಡೆ, ಬೆಳ್ಳಿ ಕಟ್ಟು ಹಾಕಿದ ಹಿಡಿ. ನನ್ನ ಬಲಗೈಯಲ್ಲಿತ್ತು. ಊರಿಕೊಂಡು ನಿಂತಿದ್ದೆ. ಯಾವಾಗ ತಂದೆನೋ ನನಗೆ ಗೊತ್ತಿಲ್ಲ. ಹಾಗಾದರೆ ಪುಟ್ಟಬಸಪ್ಪನ ಕಣ್ಣು ಸರಿಯಾಗಿಯೇ ಇದೆ. ಹಾಗಾದರೆ ಸಂಜೆಗಳೆಲ್ಲ ನಾನು ಅಲ್ಲಿದ್ದೆ. ಇದನ್ನು ಬರೆಯುವಾಗ ಭಯವಾಗುತ್ತಿದೆ.

ಅವಳಿಗೆ ಎಲ್ಲವನ್ನೂ ಅಲ್ಲೇ ನಿಂತು ಹೇಳಿದೆ, ಫೋಟೋ, ಮಜ್ಜಿಗೆ, ಹೇಳದೆ ಬಂದದ್ದು. ಬೀದಿಯವರೂ ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ.

"ಬದುಕಿರೋರ್ದು ಸಾವಿನ ಸುದ್ದಿ ಬಂದ್ರೆ ಆಯಸ್ಸು ಎಚ್ಚಂತೆ" ಎಂದಳು ಚಂದ್ರಮತಿ. "ಅದು ಆಯ್ತು. ನೀವ್ ಒತ್ಕಂಡಿರೋ ಸುದ್ದಿ ಈ ಮನೇದಲ್ಲ. ಯಾರ್ ಮನೇದೋ ಅಲ್ಲಿಗ್ ಮುಟ್ಟಿಸ್ಬುಟ್ಟು ಬನ್ನಿ. ಕೂಸು ಎಲ್ಗೂ ಓಗಕಿಲ್ಲ, ಇಲ್ಲೇ ಇರ್ತದೆ."

ಮಾವ ಏನೋ ಹೇಳಲು ಹೋದರು, ಅವಳು ತಲೆಯಾಡಿಸಿದಳು. ಕೂಸಿನ ಮುಖ ನನಗೆ ಕಾಣಲಿಲ್ಲ. ಬಟ್ಟೆಯಿಂದ ಈಚೆ ಒಂದು ಮುಷ್ಟಿ ಮಾತ್ರ ಕಂಡಿತು.

೧೬ ಮೇ. ಹರದನಹಳ್ಳಿಯಿಂದ ಬಂದ ಮೇಲೆ

ಸೋಮಮ್ಮ ಜಗುಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಚೊಂಬು ನೀರು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ. ಒಳಗೆ ಬಾ ಎನ್ನಲಿಲ್ಲ.

ಕೆಳಗೆ ನಿಂತೆ. ಚಪ್ಪಲಿ ಬಿಟ್ಟೆ. ನಾನು ನಿಂತ ಕಡೆ ನೆಲ ಸ್ವಲ್ಪ ತಗ್ಗಾಗಿತ್ತು, ಯಾರೋ ದಿನವೂ ನಿಂತು ನಿಂತು ಆದ ಹಾಗೆ.

"ಅಮ್ಮ, ನಿಮ್ಮ ಮಗ ಲಿಂಗಯ್ಯ ತೀರಿಹೋದ. ಗುಂಡ್ಲುಪೇಟೆಯ ಆಚೆ, ಲಾರಿ ಉರುಳಿ. ನಾನು ನೋಡಿದೆ. ಮುಖಕ್ಕೆ ಏನೂ ಆಗಿರಲಿಲ್ಲ. ಅವನ ಮೇಲೆ ಗುಬ್ಬಿ ಕೂರದ ಹಾಗೆ ಓಡಿಸಿದೆ."

ಹೇಳಿದೆ. ಎರಡು ತಿಂಗಳ ಹಿಂದೆಯೇ ಮಣ್ಣು ಮಾಡಿದ ಮಗನಿಗಾಗಿ ಆ ತಾಯಿ ಈಗ ಮೊದಲ ಸಲ ಕೇಳಿದವಳ ಹಾಗೆ ಅತ್ತಳು. ಮುಗಿಯುವ ತನಕ ನಿಂತಿದ್ದೆ. ನಾನೂ ಅತ್ತೆ.

"ದಿನಾ ಬತ್ತಿದ್ರಿ" ಎಂದಳು ಕೊನೆಗೆ. "ಬಂದು ಅಲ್ಲೇ ನಿಂತ್ಕತ್ತಿದ್ರಿ. ಕೊಡೆಗೆ ಬಂದವ್ರೆ ಅಂತ ಕೊಡೆ ಕೊಟ್ಟೆ, ಈಸ್ಕಂಡ್ರಿ. ಮಾರ್ನೇ ದಿನ ಅದ್ನೂ ಇಡ್ಕಂಡೇ ಬಂದ್ರಿ. ಊರೋರು ಒಡ್ದು ಓಡಿಸ್ತೀವಿ ಅಂದ್ರು. ನಾನೇ ಬ್ಯಾಡ ಅಂದೆ."

"ಯಾಕಮ್ಮ?"

"ಎಣ ಬಂತು, ಮಣ್ಗಾಕುದ್ರು, ಎಲ್ಲ ನೋಡ್ದೆ. ಆದ್ರೂ ಸುದ್ದಿ ತರೋನು ಇನ್ನೂ ಬಾಯಿ ಬುಟ್ಟಿಲ್ವಲ್ಲ, ಅವ್ನು ಏಳಗಂಟ ನನ್ ಮಗ ಮದ್ವೆಗೆ ಓಗವ್ನೆ ಅಂತ ಒಂದ್ ಮೂಲೇಲಿ ಇಟ್ಕಂಡಿದ್ದೆ. ನಿಮ್ಮುನ್ನ ನೋಡುದ್ರೆ ಎದುರ್ಕೆನೂ ಆಗದು, ಸಮಾಧಾನ್ವೂ ಆಗದು."

ಚೊಂಬಿನ ನೀರನ್ನು ನನ್ನ ಕಾಲ ಮೇಲೆ ಸುರಿದಳು. ದಿನವೂ ಇಟ್ಟುಕೊಂಡು ಕಾಯುತ್ತಿದ್ದ ನೀರೇ ಇರಬೇಕು. ಫೋಟೋ ಕೊಟ್ಟೆ. ಸೆರಗಿನಲ್ಲಿ ಒರಸಿ ಒಳಗೆ ತೆಗೆದುಕೊಂಡು ಹೋದಳು. ತಿರುಗಿ ಬರಲಿಲ್ಲ.

ಬರ್ತೀನಿ ಎನ್ನದೆ ಹೊರಟುಬಂದೆ. ಈ ಸಲ ಅದು ಸರಿ.

೧೮ ಮೇ, ಶನಿವಾರ. ಗುಂಡ್ಲುಪೇಟೆ

ನೆನ್ನೆ ತೊಟ್ಟಿಲ ಶಾಸ್ತ್ರ ಆಯಿತು. ಅತ್ತೆ ಕಾಲಿಗೆ ನೀರು ಕೊಟ್ಟರು, ಒಳಗೆ ಹೋದೆ. ಹೊಸಿಲನ್ನು ಹೇಗೆ ದಾಟಿದೆನೆಂದು ಬರೆಯಲು ಬರುವುದಿಲ್ಲ, ದಾಟಿದೆ. ಚಂದ್ರಮತಿ ಎಲೆಗೆ ಅನ್ನ ಬಡಿಸಿ ಎದುರಿಗೆ ಕೂತಳು. ತುತ್ತಿನ ಮೇಲೆ ತುತ್ತು ಬಾಯಿಗೆ ಹಾಕಿಕೊಂಡೆ. "ನಿಧಾನ್ಕೆ ಉಣ್ಣಿ, ಯಾರೂ ಓಡಿಸ್ಕಂಡ್ ಬರಕಿಲ್ಲ" ಎಂದಳು. ಕೂಸನ್ನು ಎತ್ತಿಕೊಂಡೆ. ನನ್ನ ಬೆರಳು ಹಿಡಿದು ಬಿಡಲಿಲ್ಲ.

ಇಂದು ಊರಿಗೆ ಹೊರಟೆ. ಕೊಡೆಯನ್ನು ಒಳಮನೆಯ ಗೂಟಕ್ಕೆ ನೇತುಹಾಕಿದ್ದಾರೆ, ಅಲ್ಲೇ ಇರಲಿ ಎಂದೆ. ಜಗುಲಿ ಇಳಿದು, "ಬರ್ತೀನಿ" ಎಂದೆ. ದನಿ ಜೋರಾಯಿತೆಂದು ಕಾಣುತ್ತದೆ, ಪಕ್ಕದ ಮನೆಯವರೂ ತಿರುಗಿ ನೋಡಿದರು. ಚಂದ್ರಮತಿ ಹೊಸಿಲಿನಿಂದಲೇ, "ಊಂ, ಬನ್ನಿ" ಎಂದಳು.

ಬೀದಿಯ ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡಿದೆ. ಜಗುಲಿಯ ಕೆಳಗೆ, ನಾನು ನಿಂತಿದ್ದ ಜಾಗದಲ್ಲಿ, ಯಾರೂ ಇರಲಿಲ್ಲ. ಬಸ್ಸು ಹೊರಡುವ ಮುಂಚೆ ಇನ್ನೊಂದು ಸಲ ಹೋಗಿ ನೋಡಿಕೊಂಡು ಬಂದೆ.